ಫೋನಿನ ಆ್ಯಪ್ ಮೇಜಿನ ಕಂಪ್ಯೂಟರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಆಂಡ್ರಾಯ್ಡ್ ಆ್ಯಪ್‌ಗಳನ್ನು ಡೆಸ್ಕ್‌ಟಾಪಿನಲ್ಲೋ ಲ್ಯಾಪ್‌ಟಾಪಿನಲ್ಲೋ ನಡೆಸುವುದು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ್ದೇವೆ. ಟರ್ಮಿನಲ್‌ನಲ್ಲಿ ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಿ.

ನಮ್ಮದು ಡಿಟಿಪಿ ಅಂಗಡಿ. ವಿಂಡೋಸ್ 11, 8 ಜಿಬಿ ರ‍್ಯಾಮ್. ನಾವು ಬಳಸುವ ಬಿಲ್ಲಿಂಗ್ ಆ್ಯಪ್ ಫೋನಿಗಷ್ಟೇ ಸಿಗುತ್ತದೆ. ವಿಂಡೋಸ್‌ನಲ್ಲೇ ಆಂಡ್ರಾಯ್ಡ್ ಆ್ಯಪ್ ನಡೆಯುತ್ತದೆ ಅಂತ ಹಿಂದೆ ಓದಿದ್ದೆ. ಈಗ ಹುಡುಕಿದರೆ ಸ್ಟೋರ್‌ನಲ್ಲಿ ಅದು ಕಾಣುತ್ತಲೇ ಇಲ್ಲ. ಯುಪಿಐ ಆ್ಯಪ್ ಕೂಡ ಕಂಪ್ಯೂಟರಿನಲ್ಲೇ ಬಂದರೆ ಇನ್ನೂ ಅನುಕೂಲ.
— ದಾವಣಗೆರೆಯಿಂದ ಒಬ್ಬ ಓದುಗರು

ನೀವು ಓದಿದ್ದು ನಿಜ, ಆದರೆ ಆ ಬಾಗಿಲು ಮುಚ್ಚಿದೆ. ವಿಂಡೋಸ್ ಸಬ್‌ಸಿಸ್ಟಮ್ ಫಾರ್ ಆಂಡ್ರಾಯ್ಡ್ ಎಂಬ ಈ ಸೌಲಭ್ಯವನ್ನು ಮೈಕ್ರೋಸಾಫ್ಟ್ 2021ರಲ್ಲಿ ವಿಂಡೋಸ್ 11ರ ಜೊತೆ ಘೋಷಿಸಿತ್ತು. 2024ರ ಮಾರ್ಚ್‌ನಲ್ಲಿ ಕೈಬಿಡುವುದಾಗಿ ಹೇಳಿ, 2025ರ ಮಾರ್ಚ್ 5ಕ್ಕೆ ನಿಲ್ಲಿಸಿಬಿಟ್ಟಿತು. ಅದರಲ್ಲಿ ಗೂಗಲ್ ಪ್ಲೇ ಇರಲಿಲ್ಲ, ಅಮೆಜಾನಿನ ಆ್ಯಪ್‌ಸ್ಟೋರ್ ಮಾತ್ರ ಇತ್ತು. ಜನರಿಗೆ ಬೇಕಾದ ಆ್ಯಪ್ ಅಲ್ಲಿ ಸಿಗದಿದ್ದದ್ದೇ ಅದರ ದೊಡ್ಡ ಕೊರತೆ. ಯಾರೋ ಮತ್ತೆ ಪ್ಯಾಕ್ ಮಾಡಿ ಹಂಚುತ್ತಿರುವ ಜಿಪ್ ಫೈಲ್ ಸಿಕ್ಕರೆ ಅಂಗಡಿಯ ಕಂಪ್ಯೂಟರಿಗೆ ಹಾಕಬೇಡಿ. ಭದ್ರತಾ ಅಪ್‌ಡೇಟ್ ನಿಂತುಹೋದ ಆಂಡ್ರಾಯ್ಡ್ 13 ಅದು, ಜೊತೆಗೆ ಯಾರು ಏನು ಸೇರಿಸಿದ್ದಾರೋ ತಿಳಿಯದು.

ನಿಮ್ಮ ಮುಂದಿರುವುದು ಎರಡು ದಾರಿ.

ಮೊದಲನೆಯದು ಬ್ಲೂಸ್ಟ್ಯಾಕ್ಸ್‌ನಂಥ ಎಮ್ಯುಲೇಟರ್, ಎಂದರೆ ಕಂಪ್ಯೂಟರಿನೊಳಗೆ ಫೋನನ್ನು ಅನುಕರಿಸುವ ತಂತ್ರಾಂಶ. ಹಾಕುವ ಮುನ್ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ. ಕೆಳಗೆ ವರ್ಚುವಲೈಸೇಷನ್ ಎನೇಬಲ್ಡ್ ಎಂದಿರಬೇಕು. ಡಿಸೇಬಲ್ಡ್ ಎಂದಿದ್ದರೆ ಎಮ್ಯುಲೇಟರ್ ಆಮೆಯಂತೆ ತೆವಳುತ್ತದೆ ಅಥವಾ ಏಳುವುದೇ ಇಲ್ಲ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಬಯೋಸ್‌ಗೆ (ಕಂಪ್ಯೂಟರ್ ಏಳುವಾಗ ಸಿಗುವ ಮೂಲ ಸೆಟ್ಟಿಂಗ್ ಪುಟ) ಹೋಗಿ; ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಎಂಬ ಹೆಸರಿನಲ್ಲಿ ಅದು ಇರುತ್ತದೆ, ಆನ್ ಮಾಡಿ. 8 ಜಿಬಿಯಲ್ಲಿ ಎಮ್ಯುಲೇಟರಿಗೆ 3 ಜಿಬಿ ರ‍್ಯಾಮ್, 2 ಕೋರ್ ಕೊಟ್ಟರೆ ಸಾಕು. ವೇಗ ಬರಲೆಂದು 6 ಜಿಬಿ ಕೊಟ್ಟರೆ ವಿಂಡೋಸ್‌ಗೇ ಜಾಗ ಸಾಲದೆ ಎರಡೂ ಕುಂಟುತ್ತವೆ. ಆ್ಯಪಿನ ಕಿಟಕಿ ಬರೀ ಕಪ್ಪಾಗಿ ಬಂದರೆ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸನ್ನು ಓಪನ್‌ಜಿಎಲ್‌ನಿಂದ ಡೈರೆಕ್ಟ್‌ಎಕ್ಸ್‌ಗೆ, ಇಲ್ಲವೇ ಅಲ್ಲಿಂದ ಇಲ್ಲಿಗೆ ಬದಲಿಸಿ ನೋಡಿ.

ಎರಡನೆಯದು, ನಿಮ್ಮ ಅಂಗಡಿಗೆ ಹೆಚ್ಚು ಹೊಂದುವುದು: ಆ್ಯಪನ್ನು ಫೋನಿನಲ್ಲೇ ಓಡಿಸಿ, ಅದರ ಪರದೆಯನ್ನಷ್ಟೇ ಕಂಪ್ಯೂಟರಿಗೆ ತರುವುದು. ಸ್ಕ್ರೀನ್‌ಕಾಪಿ ಎಂದು ಓದುವ, ಎಸ್‌ಸಿಆರ್‌ಸಿಪಿವೈ ಎಂದು ಬರೆಯುವ ಉಚಿತ ತಂತ್ರಾಂಶ ಇದಕ್ಕಿದೆ. ಫೋನಿನ ಅಬೌಟ್ ಪುಟದಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಸಿಕ್ಕಿಸಿ, ಫೋನಿನಲ್ಲಿ ಬರುವ ಅನುಮತಿಗೆ ಒಪ್ಪಿಗೆ ಕೊಡಿ. ಶಿಯೋಮಿ ಫೋನಾದರೆ 'ಯುಎಸ್‌ಬಿ ಡೀಬಗಿಂಗ್, ಸೆಕ್ಯುರಿಟಿ ಸೆಟ್ಟಿಂಗ್ಸ್' ಎಂಬ ಎರಡನೇ ಸ್ವಿಚ್ ಕೂಡ ಬೇಕು. ಅದಿಲ್ಲದಿದ್ದರೆ ಚಿತ್ರ ಬರುತ್ತದೆ, ಮೌಸ್ ಒತ್ತಿದರೆ ಏನೂ ಆಗುವುದಿಲ್ಲ. ಚಿತ್ರವೇ ಬರದಿದ್ದರೆ ಮೊದಲು ಕೇಬಲ್ ಬದಲಿಸಿ. ಅಗ್ಗದ ಕೇಬಲ್‌ಗಳಲ್ಲಿ ಚಾರ್ಜ್ ಆಗುವ ಎರಡೇ ತಂತಿ ಇರುತ್ತವೆ, ಡೇಟಾ ತಂತಿಯೇ ಇರುವುದಿಲ್ಲ. 2024ರಲ್ಲಿ ಬಂದ 3.0 ಆವೃತ್ತಿಯಿಂದ 'ನ್ಯೂ-ಡಿಸ್‌ಪ್ಲೇ' ಎಂಬ ಆಯ್ಕೆ ಇದೆ. ಅದಕ್ಕೆ 1920 ಗುಣಿಸು 1080 ಎಂದು ಅಳತೆ ಕೊಟ್ಟರೆ ಫೋನಿನ ಪರದೆಯ ಪ್ರತಿಯ ಬದಲು ಬೇರೆಯೇ ಒಂದು ಅಗಲ ಪರದೆ ತೆರೆಯುತ್ತದೆ. ಬಿಲ್ಲಿಂಗ್ ಆ್ಯಪ್ ಅಲ್ಲಿ ಟ್ಯಾಬ್ಲೆಟ್‌ನಲ್ಲಿ ಕಾಣುವಂತೆ ಹರಡಿಕೊಳ್ಳಬಹುದು.

ಯುಪಿಐ ವಿಷಯ ಬೇರೆ. ಯುಪಿಐ ಆ್ಯಪ್ ಶುರುವಿನಲ್ಲೇ ನಿಮ್ಮ ಸಿಮ್‌ನಿಂದ ಒಂದು ಎಸ್ಎಂಎಸ್ ಕಳಿಸಿ, ನಂಬರು ಮತ್ತು ಯಂತ್ರ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಎಮ್ಯುಲೇಟರ್‌ನಲ್ಲಿ ಸಿಮ್ ಎಲ್ಲಿಂದ ಬರಬೇಕು? ಸ್ಕ್ರೀನ್‌ಕಾಪಿಯಲ್ಲಿ ಆ್ಯಪ್ ನಡೆಯುವುದು ಫೋನಿನಲ್ಲೇ ಆದರೂ, ಪಿನ್ ಕೇಳುವ ಪುಟ ಕಂಪ್ಯೂಟರಿನಲ್ಲಿ ಕಪ್ಪಾಗಿ ಕಾಣುತ್ತದೆ, ಯಾಕೆಂದರೆ ಅಂಥ ಪುಟಗಳನ್ನು ಬೇರೆಡೆ ತೋರಿಸಬಾರದೆಂದು ಆ್ಯಪ್ ಬರೆದವರೇ ತಡೆದಿರುತ್ತಾರೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ತೆರೆಯುವುದೂ ಇಲ್ಲ. ಹಣದ ಆ್ಯಪ್ ಫೋನಿನಲ್ಲೇ ಇರಲಿ.

ಉಬುಂಟು 24.04 ಲ್ಯಾಪ್‌ಟಾಪ್, 8 ಜಿಬಿ. ಗೆಳೆಯರು ವೇಡ್ರಾಯ್ಡ್ ಹಾಕು ಅಂದರು. ಎಮ್ಯುಲೇಟರ್‌ಗಿಂತ ಅದು ಹೇಗೆ ಬೇರೆ? ಹಾಕುವ ಕ್ರಮ ಮತ್ತು ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿಸಿ.
— ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿ

ಎಮ್ಯುಲೇಟರ್ ಎಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಪೂರ್ತಿ ಕಂಪ್ಯೂಟರ್: ಅದಕ್ಕೆ ಅದರದೇ ಕರ್ನೆಲ್ (ಯಂತ್ರವನ್ನು ನಡೆಸುವ ಓಎಸ್‌ನ ತಿರುಳು), ಮೊದಲೇ ಎತ್ತಿಟ್ಟ ರ‍್ಯಾಮ್. ವೇಡ್ರಾಯ್ಡ್ ಹಾಗಲ್ಲ. ಆಂಡ್ರಾಯ್ಡ್‌ನ ಅಡಿಪಾಯ ಲಿನಕ್ಸ್ ಕರ್ನೆಲ್ಲೇ, ನಿಮ್ಮ ಉಬುಂಟುವಿನದೂ ಅದೇ. ಹಾಗಿರುವಾಗ ಎರಡು ಕರ್ನೆಲ್ ಯಾಕೆ? ಆಂಡ್ರಾಯ್ಡ್‌ನ ಮೇಲಿನ ಭಾಗವನ್ನು ಮಾತ್ರ ಎಲ್ಎಕ್ಸ್‌ಸಿ ಕಂಟೇನರ್ ಎಂಬ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ನಿಮ್ಮ ಕರ್ನೆಲ್ ಮೇಲೇ ಓಡಿಸುತ್ತದೆ. ಒಂದೇ ಅಡುಗೆಮನೆ, ಎರಡು ಒಲೆ. 2017ರಲ್ಲಿ ಬಂದ ಆನ್‌ಬಾಕ್ಸ್ ಕೂಡ ಕಂಟೇನರ್ ದಾರಿಯನ್ನೇ ಹಿಡಿದಿತ್ತು. 2023ರಲ್ಲಿ ಅದನ್ನು ನಿಲ್ಲಿಸಿದಾಗ ಅದನ್ನು ಕಟ್ಟಿದವರೇ ವೇಡ್ರಾಯ್ಡ್ ಕಡೆ ಕೈ ತೋರಿಸಿದರು.

ಒಂದೇ ಕರ್ನೆಲ್ ಎಂದರೂ ಒಂದು ಕೊರತೆ ಉಳಿಯುತ್ತದೆ: ಬೈಂಡರ್. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಒಂದು ಫೋಟೊ ಕೇಳಿದರೂ, ಸದ್ದು ಮಾಡಿದರೂ, ಕಿಟಕಿ ತೆರೆದರೂ ಆ ಮಾತು ಬೈಂಡರ್ ಮೂಲಕವೇ ಹೋಗಬೇಕು. ಈ ಚಾಲಕ ಲಿನಕ್ಸ್‌ನ ಮುಖ್ಯ ಕರ್ನೆಲ್ಲಿನಲ್ಲೇ ಇದೆ. ಉಬುಂಟುವಿನಲ್ಲಿ ಅದು 'ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ' ಎಂಬ ಪ್ಯಾಕೇಜಿನೊಳಗೆ ಕೂತಿರುತ್ತದೆ. ಹಳೆಯ ಲೇಖನಗಳಲ್ಲಿ ಆಶ್‌ಮೆಮ್ ಮಾಡ್ಯೂಲ್ ಕೂಡ ಹಾಕಿ ಎಂದಿರುತ್ತದೆ. ಬೇಡ. ಅದನ್ನು 5.18ನೇ ಕರ್ನೆಲ್ಲಿನಿಂದ, ಎಂದರೆ 2022ರಿಂದ ತೆಗೆದೇ ಹಾಕಿದ್ದಾರೆ.

ಹಾಕುವ ಮುನ್ನ ಲಾಗಿನ್ ಪುಟದ ಮೂಲೆಯ ಚಕ್ರದ ಗುರುತು ಒತ್ತಿ ನೀವಿರುವುದು ವೇಲ್ಯಾಂಡ್‌ನಲ್ಲೋ, 'ಉಬುಂಟು ಆನ್ ಎಕ್ಸ್‌ಆರ್ಗ್'ನಲ್ಲೋ ನೋಡಿ. ಎರಡೂ ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆಗಳು. ಎಕ್ಸ್‌ಆರ್ಗ್ ಎಂದಿದ್ದರೆ ವೇಡ್ರಾಯ್ಡ್‌ಗೆ ಚಿತ್ರ ಬರೆಯಲು ಗೋಡೆಯೇ ಇರುವುದಿಲ್ಲ. ವೇಲ್ಯಾಂಡ್‌ಗೆ ಬದಲಿಸಿ. ಅದು ಆಗದ ಯಂತ್ರವಾದರೆ ವೆಸ್ಟನ್ ಎಂಬ ಪುಟ್ಟ ವೇಲ್ಯಾಂಡ್ ಕಿಟಕಿಯೊಳಗೆ ಅದನ್ನು ಓಡಿಸಬಹುದು.

ನಂತರ ವೇಡ್ರಾಯ್ಡ್‌ನ ದಾಖಲೆ ಪುಟದಲ್ಲಿ ರೆಪಾಸಿಟರಿ ಸೇರಿಸುವ ಒಂದು ಸಾಲು ಇದೆ, ಅದನ್ನು ಟರ್ಮಿನಲ್‌ಗೆ ಅಂಟಿಸಿ. ಆಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ ವೇಡ್ರಾಯ್ಡ್'. ಫೆಡೋರಾ ಬಳಸುವವರಿಗೆ ಅವರ ಸ್ವಂತ ರೆಪಾಸಿಟರಿಯಲ್ಲೇ ಸಿಗುತ್ತದೆ. ಆ್ಯಪ್ ಪಟ್ಟಿಯಿಂದ ವೇಡ್ರಾಯ್ಡ್ ತೆರೆದರೆ ಮೊದಲ ಸಲ ಒಂದು ಪುಟ್ಟ ಕಿಟಕಿ ಬಂದು ವೆನಿಲ್ಲಾ ಬೇಕೋ ಜಿಆ್ಯಪ್ಸ್ ಬೇಕೋ ಎಂದು ಕೇಳುತ್ತದೆ. ಪ್ಲೇಸ್ಟೋರ್ ಬೇಕೆಂದರೆ ಎರಡನೆಯದು. ಎಫ್-ಡ್ರಾಯ್ಡ್‌ನ ಮುಕ್ತ ಆ್ಯಪ್‌ಗಳು ಸಾಕು ಎನ್ನುವವರಿಗೆ ವೆನಿಲ್ಲಾ ಹಗುರ, ತಲೆನೋವೂ ಕಡಿಮೆ. ಡೌನ್‌ಲೋಡ್ ದೊಡ್ಡದು. ಹಾಸ್ಟೆಲ್ ವೈಫೈನಲ್ಲಿ ಮಧ್ಯೆ ಕಡಿದುಹೋದರೆ 'ಸುಡೊ ವೇಡ್ರಾಯ್ಡ್ ಇನಿಟ್' ಜೊತೆಗೆ ಮೈನಸ್ ಎಫ್ ಸೇರಿಸಿ ಮತ್ತೆ ಶುರು ಮಾಡಿ.

ಮೊದಲಿಗೆ ಆಂಡ್ರಾಯ್ಡ್ ಪೂರ್ತಿ ಪರದೆ ಹಿಡಿದು ಬರುತ್ತದೆ. ಪ್ರತಿ ಆ್ಯಪಿಗೂ ಬೇರೆ ಬೇರೆ ಕಿಟಕಿ ಬೇಕೆಂದರೆ 'ವೇಡ್ರಾಯ್ಡ್ ಪ್ರಾಪ್ ಸೆಟ್ ಪರ್ಸಿಸ್ಟ್.ವೇಡ್ರಾಯ್ಡ್.ಮಲ್ಟಿ_ವಿಂಡೋಸ್ ಟ್ರೂ' ಎಂದು ಕೊಟ್ಟು, ಸೆಷನ್ ನಿಲ್ಲಿಸಿ ಮತ್ತೆ ಶುರು ಮಾಡಿ. ಇಲ್ಲಿಂದ ಆಚೆಗೆ ಆಂಡ್ರಾಯ್ಡ್ ಆ್ಯಪ್ ಲಿಬ್ರೆಆಫೀಸ್ ಪಕ್ಕದಲ್ಲೇ ಕೂರುತ್ತದೆ. ವೇಡ್ರಾಯ್ಡ್‌ನ ನಿಜವಾದ ಸೊಗಸು ಇಲ್ಲಿದೆ. ಬಹಳ ಜನ ಇಲ್ಲಿಯವರೆಗೆ ಬರುವುದೇ ಇಲ್ಲ, ಪೂರ್ತಿ ಪರದೆ ನೋಡಿ ಬೇಸತ್ತು ತೆಗೆದುಬಿಡುತ್ತಾರೆ.

ಇನ್ನು ಕೈಕೊಡುವ ಜಾಗಗಳು.

ಎನ್‌ವಿಡಿಯಾ ಗ್ರಾಫಿಕ್ಸ್, ಅದರ ಕಂಪನಿಯದೇ ಮುಚ್ಚಿದ ಡ್ರೈವರ್ ಇದ್ದರೆ ವೇಡ್ರಾಯ್ಡ್ ಅದನ್ನು ಬಳಸಲಾರದು. ಅದಕ್ಕೆ ಮೆಸಾದ ಮುಕ್ತ ಡ್ರೈವರ್‌ಗಳೇ ಬೇಕು. ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಕೂಡ ಇದ್ದರೆ ಅದರ ಮೇಲೆ ಓಡಿಸಿ. ಎನ್‌ವಿಡಿಯಾ ಒಂದೇ ಇದ್ದರೆ '/ವಾರ್/ಲಿಬ್/ವೇಡ್ರಾಯ್ಡ್' ಫೋಲ್ಡರಿನಲ್ಲಿರುವ ವೇಡ್ರಾಯ್ಡ್.ಸಿಎಫ್‌ಜಿ ಫೈಲಿನ ಪ್ರಾಪರ್ಟೀಸ್ ಭಾಗದಲ್ಲಿ ಗ್ರ್ಯಾಲಾಕ್‌ಗೆ 'ಡಿಫಾಲ್ಟ್', ಇಜಿಎಲ್‌ಗೆ 'ಸ್ವಿಫ್ಟ್‌ಶೇಡರ್' ಎಂದು ಬರೆದು, 'ಸುಡೊ ವೇಡ್ರಾಯ್ಡ್ ಅಪ್‌ಗ್ರೇಡ್' ಜೊತೆ ಆಫ್‌ಲೈನ್ ಆಯ್ಕೆ ಕೊಡಿ. ಚಿತ್ರ ಬರೆಯುವ ಕೆಲಸ ಪ್ರೊಸೆಸರ್ ಹೆಗಲಿಗೇರುತ್ತದೆ. ಪತ್ರಿಕೆ ಓದುವ ಆ್ಯಪಿಗೆ ಸಾಕು, ಆಟಕ್ಕೆ ಆಗದು.

ಎರಡನೆಯದು ಇಂಟರ್ನೆಟ್ ಬಾರದಿರುವುದು. ಬಹಳ ಸಲ ಇದಕ್ಕೆ ಫೈರ್‌ವಾಲೇ ಕಾರಣ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಆನ್ ಇದ್ದರೆ 53 ಮತ್ತು 67ನೇ ಪೋರ್ಟ್‌ಗಳಿಗೆ ಅನುಮತಿ ಕೊಡಿ (ಮೊದಲನೆಯದು ಹೆಸರು ಹುಡುಕಲು, ಎರಡನೆಯದು ಐಪಿ ವಿಳಾಸ ಪಡೆಯಲು), ಫಾರ್ವರ್ಡ್ ನೀತಿಯನ್ನು 'ಅಲೌ' ಮಾಡಿ. ಕಾಲೇಜಿನ ಕೆಲಸಕ್ಕೆ ಡಾಕರ್ ಎಂಬ ಕಂಟೇನರ್ ತಂತ್ರಾಂಶ ಹಾಕಿಕೊಂಡಿದ್ದರಂತೂ ಇದನ್ನೇ ಮೊದಲು ನೋಡಿ. ಡಾಕರ್ ತಾನು ಏಳುವಾಗ ಫಾರ್ವರ್ಡ್ ನೀತಿಯನ್ನು 'ಡ್ರಾಪ್' ಮಾಡಿಬಿಡುತ್ತದೆ, ವೇಡ್ರಾಯ್ಡ್‌ನ ದಾರಿ ಅಲ್ಲೇ ಕಟ್ಟಾಗುತ್ತದೆ.

ಮೂರನೆಯದು ಪ್ರೊಸೆಸರ್ ಭಾಷೆ. ಫೋನಿನದು ಆರ್ಮ್, ನಿಮ್ಮದು ಎಕ್ಸ್86. ಆ್ಯಪ್ ಬರೀ ಜಾವಾ, ಕೋಟ್ಲಿನ್‌ನಲ್ಲಿ ಬರೆದದ್ದಾದರೆ ತೊಂದರೆ ಇಲ್ಲ. ಒಳಗೆ ಸಿ ಭಾಷೆಯ ಲೈಬ್ರರಿ ಇದ್ದರೆ ಅದು ಯಾವ ಪ್ರೊಸೆಸರಿಗೆ ತಯಾರಾಗಿದೆ ನೋಡಬೇಕು. ಇದಕ್ಕೊಂದು ಸುಲಭ ಪರೀಕ್ಷೆ ಇದೆ: ಎಪಿಕೆ ಫೈಲಿನ (ಆ್ಯಪ್ ಇನ್‌ಸ್ಟಾಲ್ ಮಾಡುವ ಕಡತ) ಪ್ರತಿ ಮಾಡಿ, ಹೆಸರಿನ ಕೊನೆಗೆ ಜಿಪ್ ಎಂದು ಬದಲಿಸಿ ತೆರೆಯಿರಿ. ಒಳಗೆ 'ಲಿಬ್' ಎಂಬ ಫೋಲ್ಡರ್ ಇಲ್ಲದಿದ್ದರೆ ನಿಶ್ಚಿಂತೆ. ಇದ್ದು, ಅದರಲ್ಲಿ ಎಕ್ಸ್86_64 ಎಂಬ ಉಪಫೋಲ್ಡರ್ ಕಂಡರೂ ಸರಿ. ಆರ್ಮ್64 ಒಂದೇ ಇದ್ದರೆ, ಇನ್‌ಸ್ಟಾಲ್ ಮಾಡುವಾಗ 'ನೋ ಮ್ಯಾಚಿಂಗ್ ಎಬಿಐಸ್' ಎಂಬ ದೋಷ ಸಂದೇಶ ಖಂಡಿತ. ಆಗ ಭಾಷಾಂತರ ಪದರ ಬೇಕು. ಲಿಬ್‌ಹೌಡಿನಿ, ಲಿಬ್‌ಎನ್‌ಡಿಕೆ ಎಂಬ ಎರಡಿವೆ. ಸಾಮಾನ್ಯವಾಗಿ ಇಂಟೆಲ್‌ಗೆ ಮೊದಲನೆಯದು, ಎಎಂಡಿಗೆ ಎರಡನೆಯದು ಹೊಂದುತ್ತದೆ. ಎರಡೂ ಮುಕ್ತ ತಂತ್ರಾಂಶವಲ್ಲ, ಹಾಗಾಗಿ ವೇಡ್ರಾಯ್ಡ್ ಜೊತೆ ಬರುವುದಿಲ್ಲ. ಬಳಕೆದಾರರೇ ಬರೆದ ಸ್ಕ್ರಿಪ್ಟ್‌ನಿಂದ ಸೇರಿಸಿಕೊಳ್ಳುವುದು ರೂಢಿ. ಭಾರವಾದ ಆ್ಯಪ್ ಇದರ ಮೇಲೆ ನಿಧಾನವಾಗುತ್ತದೆ, ಕೆಲವು ತೆರೆದ ಕೂಡಲೇ ಬೀಳುತ್ತವೆ.

ವೇಡ್ರಾಯ್ಡ್‌ನಲ್ಲಿ ಪ್ಲೇಸ್ಟೋರ್ ತೆರೆದರೆ 'ಈ ಸಾಧನ ಪ್ಲೇ ಪ್ರೊಟೆಕ್ಟ್ ಪ್ರಮಾಣಿತವಲ್ಲ' ಎನ್ನುತ್ತದೆ. ಏನು ಮಾಡಲಿ?
— ಮೈಸೂರು

ಗೂಗಲ್‌ನ ಪ್ರಮಾಣಪತ್ರ ಪಡೆದ ಯಂತ್ರಗಳ ಪಟ್ಟಿಯಲ್ಲಿ ನಿಮ್ಮ ಕಂಟೇನರ್ ಇಲ್ಲ, ಅಷ್ಟೇ. ಸ್ವಂತ ಬಳಕೆಗೆ ನೋಂದಾಯಿಸಿಕೊಳ್ಳಲು ಗೂಗಲ್ಲೇ ಒಂದು ಪುಟ ಇಟ್ಟಿದೆ. ವೇಡ್ರಾಯ್ಡ್‌ನ ದಾಖಲೆಯಲ್ಲಿ 'ಗೂಗಲ್ ಪ್ಲೇ ಸರ್ಟಿಫಿಕೇಷನ್' ಎಂಬ ಭಾಗವಿದೆ. ಅಲ್ಲಿರುವ ಸಾಲನ್ನು ವೇಡ್ರಾಯ್ಡ್ ಶೆಲ್ಲಿನಲ್ಲಿ ಓಡಿಸಿದರೆ ಉದ್ದನೆಯ ಒಂದು ಸಂಖ್ಯೆ ಸಿಗುತ್ತದೆ. ಅದನ್ನು ಅದೇ ಗೂಗಲ್ ಖಾತೆಯಿಂದ ಆ ಪುಟದಲ್ಲಿ ಸೇರಿಸಿ. ಕೂಡಲೇ ಆಗುವುದಿಲ್ಲ. ಒಂದು ಕಾಫಿ ಕುಡಿದು ಬಂದು ಸೆಷನ್ ಮತ್ತೆ ಶುರು ಮಾಡಿ. ಕೆಲವೊಮ್ಮೆ ಇನ್ನೂ ಹೊತ್ತು ಹಿಡಿಯುತ್ತದೆ. ಡೇಟಾ ಅಳಿಸಿ ಹೊಸದಾಗಿ ಶುರು ಮಾಡಿದರೆ ಸಂಖ್ಯೆಯೂ ಬದಲಾಗುತ್ತದೆ, ಮತ್ತೆ ನೋಂದಾಯಿಸಬೇಕು.

ಇದರಿಂದ ಪ್ಲೇಸ್ಟೋರ್ ತೆರೆಯುತ್ತದೆ ಅಷ್ಟೆ. ಪ್ಲೇ ಇಂಟೆಗ್ರಿಟಿ ಎಂಬ ಬೇರೆಯೇ ತಪಾಸಣೆ ಮಾಡುವ ಬ್ಯಾಂಕ್ ಆ್ಯಪ್‌ಗಳು ಆಗಲೂ ಒಳಗೆ ಬಿಡುವುದಿಲ್ಲ.

ಉಬುಂಟುವಿನಲ್ಲಿ ಕಗಪ ಕೀಲಿಮಣೆಯಲ್ಲಿ ಚೆನ್ನಾಗಿ ಟೈಪಿಸುತ್ತೇನೆ. ಅದೇ ವೇಡ್ರಾಯ್ಡ್ ಆ್ಯಪಿನೊಳಗೆ ಹೋದರೆ ಇಂಗ್ಲಿಷ್ ಅಕ್ಷರಗಳೇ ಬರುತ್ತವೆ.
— ತೀರ್ಥಹಳ್ಳಿಯಿಂದ ಒಬ್ಬ ಶಿಕ್ಷಕಿ

ತಪ್ಪು ನಿಮ್ಮದಲ್ಲ ಮೇಡಂ, ವ್ಯವಸ್ಥೆಯೇ ಹಾಗೆ. ನೀವು ಒಂದು ಕೀಲಿ ಒತ್ತಿದಾಗ ಉಬುಂಟುವಿನ ಆ್ಯಪ್‌ಗಳಿಗೆ 'ಕ' ಎಂಬ ಅಕ್ಷರ ಹೋಗುತ್ತದೆ, ವೇಡ್ರಾಯ್ಡ್‌ಗೆ ಹೋಗುವುದು ಆ ಕೀಲಿಯ ಸಂಖ್ಯೆ ಮಾತ್ರ. ಅದನ್ನು ಅಕ್ಷರವಾಗಿಸುವುದು ಒಳಗಿರುವ ಆಂಡ್ರಾಯ್ಡ್. ಅದಕ್ಕೆ ನಿಮ್ಮ ಕಗಪದ ಸುದ್ದಿಯೇ ತಿಳಿದಿಲ್ಲ.

ಎರಡು ಉಪಾಯ. ಒಳಗಿನ ಆಂಡ್ರಾಯ್ಡ್‌ನಲ್ಲಿ ಜಿಬೋರ್ಡ್‌ನಂಥ ಕನ್ನಡವಿರುವ ಕೀಬೋರ್ಡ್ ಆ್ಯಪ್ ಹಾಕಿ, ಸೆಟ್ಟಿಂಗ್ಸ್‌ನ ಫಿಸಿಕಲ್ ಕೀಬೋರ್ಡ್ ಪುಟದಲ್ಲಿ ತೆರೆಯ ಮೇಲಿನ ಕೀಬೋರ್ಡ್ ತೋರಿಸುವ ಆಯ್ಕೆ ಆನ್ ಮಾಡಿ. ಮೌಸ್‌ನಿಂದ ಒಂದೊಂದೇ ಅಕ್ಷರ ಕುಟ್ಟಬೇಕಾಗುತ್ತದೆ, ನಾಲ್ಕು ಪದಕ್ಕೆ ಸರಿ. ಉದ್ದ ಬರಹಕ್ಕೆ ಎರಡನೆಯದೇ ವಾಸಿ: ವೇಡ್ರಾಯ್ಡ್ ಆಚೆ, ಟೆಕ್ಸ್ಟ್ ಎಡಿಟರಿನಲ್ಲಿ ಕಗಪದಲ್ಲೇ ಟೈಪಿಸಿ, ಕಾಪಿ ಮಾಡಿ, ಆ್ಯಪಿನೊಳಗೆ ಅಂಟಿಸುವುದು. ಕ್ಲಿಪ್‌ಬೋರ್ಡ್ ದಾಟಬೇಕಾದರೆ ಡಬ್ಲ್ಯೂಎಲ್-ಕ್ಲಿಪ್‌ಬೋರ್ಡ್ ಮತ್ತು ಪೈಕ್ಲಿಪ್ ಎಂಬ ಎರಡು ಪ್ಯಾಕೇಜ್ ಉಬುಂಟುವಿನಲ್ಲಿ ಇರಬೇಕು. ಅವಿಲ್ಲದಿದ್ದರೆ ದೋಷ ಸಂದೇಶವೂ ಬರುವುದಿಲ್ಲ, ಸುಮ್ಮನೆ ಅಂಟುವುದಿಲ್ಲ. ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆಯೇ ಎಂಬ ಭಯ ಬೇಡ, ದಾಟುವುದು ಯೂನಿಕೋಡ್. ನುಡಿಯ ಹಳೆಯ ಆಸ್ಕಿ ಅಕ್ಷರದ ಕಡತದಿಂದ ನಕಲಿಸಿದರೆ ಮಾತ್ರ ಕಸ ಬರುತ್ತದೆ, ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಶಾಲೆಯ ಲ್ಯಾಬಿನಲ್ಲಿ 2 ಜಿಬಿ ರ‍್ಯಾಮಿನ ಹತ್ತು ಹಳೆಯ ಕಂಪ್ಯೂಟರ್‌ಗಳಿವೆ. ಅವಕ್ಕೆ ನೇರವಾಗಿ ಆಂಡ್ರಾಯ್ಡನ್ನೇ ಹಾಕಿಬಿಟ್ಟರೆ ಹೇಗೆ?
— ಚಿತ್ರದುರ್ಗ ಜಿಲ್ಲೆ

ಬೇಡ. ಇದಕ್ಕೆಂದೇ ಇದ್ದ ಆಂಡ್ರಾಯ್ಡ್-ಎಕ್ಸ್86 ಯೋಜನೆ 2009ರಲ್ಲಿ ಶುರುವಾಗಿತ್ತು, ಅದರ 9.0-ಆರ್2 ಆವೃತ್ತಿ 2020ರದು, ಆಂಡ್ರಾಯ್ಡ್ 9ಕ್ಕಿಂತ ಹೊಸದರ ಸ್ಥಿರ ಆವೃತ್ತಿ ಅದರಿಂದ ಬಂದಿಲ್ಲ. ಅಷ್ಟು ಹಳೆಯ ಆಂಡ್ರಾಯ್ಡನ್ನು ಮಕ್ಕಳ ಕೈಗೆ, ಅದೂ ಇಂಟರ್ನೆಟ್ ಜೊತೆ ಕೊಡುವುದು ಸರಿಯಲ್ಲ. ಅದರ ಮೇಲೆ ಕಟ್ಟಿದ ಬ್ಲಿಸ್ ಓಎಸ್ ಹೊಸದು, ಆದರೆ 2 ಜಿಬಿ ಅದಕ್ಕೆ ಸಾಲದು. ಹಳೆಯ ಕಂಪ್ಯೂಟರ್‌ಗಳಿಗೆಂದು ಗೂಗಲ್ ಕೊಡುವ ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಿ ಎಂದು ಯಾರಾದರೂ ಹೇಳಿದರೆ ಎರಡು ಮಾತು ನೆನಪಿಡಿ: ಅದು ಕೇಳುವುದು ಕನಿಷ್ಠ 4 ಜಿಬಿ, ಮತ್ತು ಫ್ಲೆಕ್ಸ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ನಡೆಯುವುದೇ ಇಲ್ಲ. ಹಗುರವಾದ ಲಿನಕ್ಸ್ ಒಂದನ್ನು ಹಾಕಿ, ಪಾಠದ ಜಾಲತಾಣಗಳನ್ನು ಬ್ರೌಸರಿನಲ್ಲೇ ತೆರೆಯಿರಿ. ಹತ್ತು ಕಂಪ್ಯೂಟರಿನ ರ‍್ಯಾಮನ್ನು ಐದಕ್ಕೆ ಕೂಡಿಸಲು ಬರುವಂತಿದ್ದರೆ 4 ಜಿಬಿಯ ಐದು, ಕುಂಟುವ ಹತ್ತಕ್ಕಿಂತ ಮೇಲು.

ನಾವು ನಾಲ್ಕು ಜನ ಸೇರಿ ಕೃಷಿ ಲೆಕ್ಕದ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇವೆ. ಫೋನಿನಲ್ಲಿ ಚೆನ್ನಾಗಿದೆ. ಸಹಕಾರ ಸಂಘದವರು ಲ್ಯಾಪ್‌ಟಾಪಿನಲ್ಲೂ ಬೇಕು ಎನ್ನುತ್ತಾರೆ. ಬೇರೆ ಡೆಸ್ಕ್‌ಟಾಪ್ ಆವೃತ್ತಿ ಬರೆಯಬೇಕೇ, ಇದನ್ನೇ ಹೊಂದಿಸಬಹುದೇ? ಕ್ರೋಮ್‌ಬುಕ್‌ನ ಪ್ಲೇಸ್ಟೋರ್‌ನಲ್ಲಂತೂ ನಮ್ಮ ಆ್ಯಪ್ ಕಾಣುವುದೇ ಇಲ್ಲ.
— ಬೆಂಗಳೂರು

ಇದನ್ನೇ ಹೊಂದಿಸಿ. ಎರಡು ಆವೃತ್ತಿ ಸಾಕುವಷ್ಟು ಕೈ ನಾಲ್ಕು ಜನಕ್ಕೆ ಇರುವುದಿಲ್ಲ.

ಕಾಣದಿರುವುದಕ್ಕೆ ಕಾರಣ ಬಹುಪಾಲು ಮ್ಯಾನಿಫೆಸ್ಟ್‌ನಲ್ಲಿ, ಎಂದರೆ ಆ್ಯಪಿಗೆ ಏನೇನು ಬೇಕೆಂದು ಬರೆದಿಡುವ ಫೈಲಿನಲ್ಲಿರುತ್ತದೆ. ನೀವು ಏನೂ ಬರೆಯದಿದ್ದರೂ 'ಟಚ್‌ಸ್ಕ್ರೀನ್ ಇರಲೇಬೇಕು' ಎಂದು ಪ್ಲೇಸ್ಟೋರ್ ಎಣಿಸುತ್ತದೆ. ಯೂಸಸ್-ಫೀಚರ್ ಸಾಲಿನಲ್ಲಿ ಟಚ್‌ಸ್ಕ್ರೀನ್‌ಗೆ ರಿಕ್ವೈರ್ಡ್ ಫಾಲ್ಸ್ ಎಂದು ಸ್ಪಷ್ಟವಾಗಿ ಬರೆಯಿರಿ. ಇನ್ನೊಂದು ಕ್ಯಾಮೆರಾ, ಇದು ಬಹಳ ಜನರನ್ನು ಎಡವಿಸುತ್ತದೆ. ರಸೀದಿಯ ಫೋಟೊ ತೆಗೆಯಲೆಂದು ಕ್ಯಾಮೆರಾ ಅನುಮತಿ ಕೇಳಿದಿರಿ ಎನ್ನಿ. ಅಷ್ಟಕ್ಕೇ 'ಹಿಂಬದಿ ಕ್ಯಾಮೆರಾ ಇರಲೇಬೇಕು' ಎಂಬ ಷರತ್ತು ತಾನಾಗಿ ಸೇರಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿರುವುದು ಮುಖ ನೋಡುವ ಕ್ಯಾಮೆರಾ ಮಾತ್ರ. ಅದಕ್ಕೂ ಫಾಲ್ಸ್ ಬರೆಯಿರಿ. ಯಾವುದಾದರೂ ಸರಿ ಎನ್ನುವುದಾದರೆ ಕ್ಯಾಮೆರಾ.ಎನಿ ಎಂಬುದು ಇದೆ. ಕರೆ ಮಾಡುವ ಅನುಮತಿ ಕೇಳಿದ್ದರೆ ಟೆಲಿಫೋನಿಗೂ ಇದೇ ಕಥೆ.

ಕಂಡ ಮೇಲೆ ಕೂರುವ ಪ್ರಶ್ನೆ. 1366 ಗುಣಿಸು 768ರ ಸಾಮಾನ್ಯ ಲ್ಯಾಪ್‌ಟಾಪ್ ಪರದೆ ತೆಗೆದುಕೊಳ್ಳಿ. ಪಟ್ಟಿಗಳನ್ನೆಲ್ಲ ಕಳೆದರೆ ಎತ್ತರ ಹೆಚ್ಚೆಂದರೆ 700 ಪಿಕ್ಸೆಲ್ ಉಳಿಯುತ್ತದೆ. ಆ್ಯಪನ್ನು ಪೋರ್ಟ್ರೇಟ್‌ಗೆ ಬಿಗಿದಿದ್ದರೆ 9:16ರ ಲೆಕ್ಕದಲ್ಲಿ ಅದರ ಅಗಲ 394. 1366ರಲ್ಲಿ 394! ಉಳಿದ ಹೆಚ್ಚುಕಡಿಮೆ ಮುಕ್ಕಾಲು ಭಾಗ ಖಾಲಿ, ಮಧ್ಯದಲ್ಲಿ ಬಾಗಿಲ ಸಂದಿಯಂತೆ ನಿಮ್ಮ ಲೆಕ್ಕದ ಪುಸ್ತಕ. ಆಂಡ್ರಾಯ್ಡ್ 16ರಿಂದ, 36ನೇ ಎಪಿಐ (ಆ ಆವೃತ್ತಿಗೆ ಆ್ಯಪ್ ಬರೆಯುವವರು ಬಳಸುವ ಸಂಖ್ಯೆ) ಗುರಿಯಾಗಿಟ್ಟ ಆ್ಯಪ್‌ಗಳ ಈ ಬಿಗಿತವನ್ನು 600 ಡಿಪಿ (ಪಿಕ್ಸೆಲ್ ಸಾಂದ್ರತೆಗೆ ಹೊಂದಿಸಿದ ಅಳತೆ) ಹಾಗೂ ಅದಕ್ಕಿಂತ ಅಗಲದ ಪರದೆಗಳಲ್ಲಿ ಸಿಸ್ಟಮ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಟಗಳಿಗೆ ಮಾತ್ರ ವಿನಾಯಿತಿ. ಸದ್ಯ ಹಳೆಯ ವರ್ತನೆಗೆ ಮರಳುವ ಒಂದು ತಾತ್ಕಾಲಿಕ ಸ್ವಿಚ್ ಇದೆ, ಮುಂದಿನ ಎಪಿಐಗೆ ಅದೂ ಇರುವುದಿಲ್ಲ. ಅದನ್ನು ನಂಬಿ ಕೂರಬೇಡಿ.

ವಿನ್ಯಾಸವನ್ನು ಅಗಲ ನೋಡಿ ಬದಲಿಸಿ, ಯಂತ್ರದ ಹೆಸರು ನೋಡಿ ಅಲ್ಲ. 600 ಡಿಪಿಗಿಂತ ಕಡಿಮೆ ಇದ್ದರೆ ಈಗಿನ ಫೋನ್ ನೋಟ. 600ರಿಂದ 840ರೊಳಗೆ ಕೆಳಗಿನ ಪಟ್ಟಿಯನ್ನು ಎಡಕ್ಕೆ ತನ್ನಿ. 840 ದಾಟಿದರೆ ಎಡಗಡೆ ರೈತರ ಪಟ್ಟಿ, ಬಲಗಡೆ ಆಯ್ದ ರೈತರ ಲೆಕ್ಕ. ಕಿಟಕಿಯನ್ನು ಎಳೆದು ಕಿರಿದು ಮಾಡಿದ ಕೂಡಲೇ ಮತ್ತೆ ಫೋನ್ ನೋಟಕ್ಕೆ ಬರಬೇಕು.

ಆ 'ಎಳೆಯುವ' ಹೊತ್ತಿನಲ್ಲೇ ದೊಡ್ಡ ಅನಾಹುತ ಆಗುವುದು. ಕಿಟಕಿಯ ಅಳತೆ ಬದಲಾದರೆ ಆಂಡ್ರಾಯ್ಡ್ ಆ ಪುಟವನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಸಂಘದ ಗುಮಾಸ್ತರು ಹಾಲಿನ ಲೆಕ್ಕದ ಇಪ್ಪತ್ತು ಸಾಲು ತುಂಬಿ, ಪಕ್ಕದ ಎಕ್ಸೆಲ್ ಕಾಣಲೆಂದು ಅಂಚು ಎಳೆಯುತ್ತಾರೆ, ಇಪ್ಪತ್ತೂ ಸಾಲು ಮಾಯ. ಫೋನಿನಲ್ಲಿ ಯಾರೂ ಪುಟ ತುಂಬುತ್ತ ಫೋನು ತಿರುಗಿಸುವುದಿಲ್ಲವಾದ್ದರಿಂದ ಈ ದೋಷ ಇಷ್ಟು ದಿನ ಅಡಗಿ ಕೂತಿರುತ್ತದೆ. ತುಂಬುತ್ತಿರುವ ಮಾಹಿತಿ ವ್ಯೂಮಾಡೆಲ್‌ನಲ್ಲಿರಲಿ, ಕಂಪೋಸ್ ಬಳಸಿದ್ದರೆ ರಿಮೆಂಬರ್‌ಸೇವಬಲ್ ಬಳಸಿ. ಡೆವಲಪರ್ ಆಪ್ಷನ್ಸ್‌ನಲ್ಲಿ 'ಡೋಂಟ್ ಕೀಪ್ ಆಕ್ಟಿವಿಟೀಸ್' ಆನ್ ಮಾಡಿ ಒಂದು ದಿನ ಬಳಸಿ ನೋಡಿ, ಇಂಥ ಸೋರಿಕೆಗಳೆಲ್ಲ ತಾವಾಗಿ ಹೊರಬೀಳುತ್ತವೆ.

ಕೀಬೋರ್ಡ್, ಮೌಸ್ ಕೆಲಸ ಚಿಲ್ಲರೆ ಅನ್ನಿಸಿದರೂ ಬಳಸುವವರಿಗೆ ಮೊದಲು ಚುಚ್ಚುವುದು ಅದೇ. ಟ್ಯಾಬ್ ಒತ್ತಿದರೆ ಮುಂದಿನ ಖಾನೆಗೆ ಹೋಗಬೇಕು, ಎಂಟರ್ ಒತ್ತಿದರೆ ಸಾಲು ಉಳಿಯಬೇಕು. ಫೋನ್ ಆ್ಯಪ್‌ಗಳಲ್ಲಿ ಎಂಟರ್ ಒತ್ತಿದರೆ ಖಾನೆಯೊಳಗೇ ಹೊಸ ಸಾಲು ಹುಟ್ಟುವುದು ಸಾಮಾನ್ಯ. ಉದ್ದ ಒತ್ತಿದಾಗ ಬರುವ ಮೆನು ಬಲ ಕ್ಲಿಕ್‌ಗೂ ಬರಲಿ. ಸಂಖ್ಯೆ ತುಂಬುವವರು ನಂಬರ್ ಪ್ಯಾಡ್ ಬಿಟ್ಟು ಕೈ ಎತ್ತುವುದಿಲ್ಲ, ಅಲ್ಲಿನ ಎಂಟರ್ ಬೇರೆಯೇ ಕೀಕೋಡ್, ಅದನ್ನೂ ಸೇರಿಸಿ.

ಸಿ ಲೈಬ್ರರಿ ಇದ್ದರೆ ಎಕ್ಸ್86_64ಕ್ಕೂ ಕಟ್ಟಿ. ಆ್ಯಪ್ ಬಂಡಲ್ ರೂಪದಲ್ಲಿ ಏರಿಸಿದರೆ ಪ್ಲೇಸ್ಟೋರ್ ಯಂತ್ರಕ್ಕೆ ತಕ್ಕ ಭಾಗವನ್ನಷ್ಟೇ ಕೊಡುವುದರಿಂದ ಫೋನಿನವರಿಗೆ ಗಾತ್ರ ಹೆಚ್ಚುವುದಿಲ್ಲ. ಹೇಗೂ ಆ ಲೈಬ್ರರಿಯನ್ನು ಮುಟ್ಟುತ್ತಿರುವಾಗ 16 ಕೆಬಿ ಪೇಜ್ ಅಳತೆಗೂ (ಮೆಮೊರಿ ಹಂಚುವ ತುಂಡಿನ ಗಾತ್ರ) ಹೊಂದಿಸಿ. ಆಂಡ್ರಾಯ್ಡ್ 15 ಹಾಗೂ ಮೇಲಿನದನ್ನು ಗುರಿಯಾಗಿಟ್ಟ ಆ್ಯಪ್‌ಗಳಿಗೆ ಪ್ಲೇಸ್ಟೋರ್ ಅದನ್ನು 2025ರ ನವೆಂಬರ್ 1ರಿಂದ ಕಡ್ಡಾಯ ಮಾಡಿದೆ.

ಫೋನನ್ನೇ ಮಾನಿಟರಿಗೆ ಸಿಕ್ಕಿಸಿ ಕಂಪ್ಯೂಟರಿನಂತೆ ಬಳಸಲು ಹಬ್ ತಂದೆ. ಕೀಬೋರ್ಡ್, ಮೌಸ್ ನಡೆಯುತ್ತವೆ, ಚಿತ್ರ ಬರುತ್ತಿಲ್ಲ. ಹಬ್ ಕೆಟ್ಟಿದೆಯೇ?
— ಮಂಗಳೂರು

ಹಬ್ ಸರಿಯಿದೆ, ಫೋನಿನ ಪೋರ್ಟ್‌ನಲ್ಲಿ ಚಿತ್ರವಿಲ್ಲ. ಟೈಪ್-ಸಿ ಎಂಬುದು ರಂಧ್ರದ ಆಕಾರ ಮಾತ್ರ. ಮಾನಿಟರಿಗೆ ಚಿತ್ರ ಹೋಗಬೇಕಾದರೆ ಒಳಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಇರಬೇಕು, ಅದಕ್ಕೆ ವೇಗದ ತಂತಿಗಳು ಬೇಕು. ಕಡಿಮೆ ಬೆಲೆಯ ಫೋನುಗಳ ಟೈಪ್-ಸಿ ಒಳಗೆ ಹಳೆಯ ಯುಎಸ್‌ಬಿ 2.0ರ ತಂತಿಗಳಷ್ಟೇ ಇರುತ್ತವೆ. ಕೀಬೋರ್ಡ್‌ಗೆ ಅಷ್ಟು ಸಾಕು, ಹಾಗಾಗಿ ಅದು ನಡೆಯುತ್ತದೆ. ಸ್ಯಾಮ್‌ಸಂಗ್‌ನ ಡೆಕ್ಸ್ 2017ರಲ್ಲಿ ಗ್ಯಾಲಕ್ಸಿ ಎಸ್8 ಜೊತೆ ಬಂತು, ಎಸ್ ಸರಣಿಯಲ್ಲಿ ಇಂದಿಗೂ ಇದೆ. ಪಿಕ್ಸೆಲ್ 8ರಿಂದ ಈಚಿನವು ಚಿತ್ರ ಕೊಡುತ್ತವೆ. ಹೊಸ ಫೋನ್ ಕೊಳ್ಳುವಾಗ ವಿವರಪಟ್ಟಿಯಲ್ಲಿ 'ಯುಎಸ್‌ಬಿ 2.0' ಎಂದಿದ್ದರೆ ಮಾನಿಟರ್ ಆಸೆ ಬಿಡಿ.

ಕ್ರೋಮ್ ಓಎಸ್ ಮತ್ತು ಆಂಡ್ರಾಯ್ಡ್ ಒಂದಾಗುತ್ತಿವೆಯಂತೆ. ಈಗ ಕ್ರೋಮ್‌ಬುಕ್ ಕೊಳ್ಳಬಹುದೇ?
— ಕಲಬುರಗಿ

ಒಂದುಗೂಡಿಸುತ್ತಿರುವುದಾಗಿ ಗೂಗಲ್ 2025ರಲ್ಲಿ ಬಹಿರಂಗವಾಗಿಯೇ ಹೇಳಿದೆ. ಅದಕ್ಕೂ ಒಂದು ವರ್ಷ ಮೊದಲು, ಕ್ರೋಮ್ ಓಎಸ್ ಆಂಡ್ರಾಯ್ಡ್‌ನ ಕರ್ನೆಲ್ ಬಳಸಲಿದೆ ಎಂದಿತ್ತು. ಕ್ರೋಮ್‌ಬುಕ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಮೂರು ಮನೆ ಬದಲಿಸಿದೆ: 2014ರಲ್ಲಿ ಬ್ರೌಸರಿನೊಳಗಿನ ಪದರ, 2016ರಲ್ಲಿ ಪ್ಲೇಸ್ಟೋರ್ ಸಮೇತ ಕಂಟೇನರ್, 2021ರಿಂದ ವರ್ಚುವಲ್ ಮಷೀನ್. ಒಂದೊಂದು ಸಲವೂ ನಡೆಸುವ ತಂತ್ರ ಸುಧಾರಿಸಿತು, ಆ್ಯಪ್‌ಗಳು ಮಾತ್ರ ಫೋನಿನ ಅಳತೆಯಲ್ಲೇ ಉಳಿದವು. ಜೈಡ್ ಎಂಬ ಕಂಪನಿಯ ರೀಮಿಕ್ಸ್ ಓಎಸ್ ಟಾಸ್ಕ್‌ಬಾರ್, ಕಿಟಕಿ ಎಲ್ಲವನ್ನೂ ಕೊಟ್ಟು 2017ರಲ್ಲಿ ನಿಂತುಹೋಯಿತು. ಆಂಡ್ರಾಯ್ಡ್ 16ರ ಆ 600 ಡಿಪಿ ನಿಯಮ ನಮ್ಮ ಕಣ್ಣಿಗೆ ಉಳಿದೆಲ್ಲ ಘೋಷಣೆಗಿಂತ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ. ಕೊಳ್ಳುವುದಾದರೆ ಇಂದು ನಿಮ್ಮ ಕೆಲಸಕ್ಕೆ ಆಗುತ್ತದೆಯೇ ನೋಡಿ, 8 ಜಿಬಿ ಇರುವುದನ್ನೇ ಕೊಳ್ಳಿ, ಆ ಮಾದರಿಗೆ ಅಪ್‌ಡೇಟ್ ಯಾವ ವರ್ಷದವರೆಗೆ ಎಂದು ಸೆಟ್ಟಿಂಗ್ಸ್‌ನಲ್ಲೇ ಓದಿಕೊಳ್ಳಿ.

ವೇಡ್ರಾಯ್ಡ್ ತೆಗೆದುಹಾಕಿದೆ. ಡಿಸ್ಕ್ ಜಾಗ ಮಾತ್ರ ವಾಪಸ್ ಬಂದಿಲ್ಲ.
— ಹಾಸನ

ಆಪ್ಟ್ ರಿಮೂವ್ ಮಾಡಿದರೆ ಹೋಗುವುದು ಪ್ರೋಗ್ರಾಮ್ ಮಾತ್ರ. ಆಂಡ್ರಾಯ್ಡ್ ವ್ಯವಸ್ಥೆಯ ಇಮೇಜ್ ಫೈಲುಗಳು '/ವಾರ್/ಲಿಬ್/ವೇಡ್ರಾಯ್ಡ್' ಒಳಗೆ, ಆ್ಯಪ್‌ಗಳ ಡೇಟಾ ನಿಮ್ಮ ಹೋಮ್‌ನ '.ಲೋಕಲ್/ಶೇರ್/ವೇಡ್ರಾಯ್ಡ್' ಒಳಗೆ ಹಾಗೇ ಇರುತ್ತವೆ. ಅವುಗಳ ಒಡೆತನ ಆಂಡ್ರಾಯ್ಡ್‌ನ ಬಳಕೆದಾರ ಸಂಖ್ಯೆಗಳಲ್ಲಿರುವುದರಿಂದ ಸುಡೊ ಇಲ್ಲದೆ ಅಳಿಯುವುದಿಲ್ಲ. ಆದರೆ ಅಳಿಸುವ ಮುನ್ನ ತಡೆಯಿರಿ. ಫೈಲ್ ಹಂಚಿಕೊಳ್ಳಲೆಂದು ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ವೇಡ್ರಾಯ್ಡ್ ಒಳಗೆ ಬೈಂಡ್ ಮೌಂಟ್ ಮಾಡಿದ್ದಿರಾ? ಮಾಡಿದ್ದರೆ ಅದು ನಕಲಲ್ಲ, ಅದೇ ಫೋಲ್ಡರ್ ಎರಡನೇ ಬಾಗಿಲಿನಿಂದ ಕಾಣುತ್ತಿರುವುದು. ಅಳಿಸುವ ಕಮಾಂಡ್ ಆ ಬಾಗಿಲಿನಿಂದ ಒಳಹೊಕ್ಕು ನಿಮ್ಮ ಅಸಲಿ ಕಡತಗಳನ್ನೇ ತೆಗೆಯುತ್ತದೆ. 'ಮೌಂಟ್' ಎಂದು ಕೊಟ್ಟು ಪಟ್ಟಿಯಲ್ಲಿ ವೇಡ್ರಾಯ್ಡ್ ಹೆಸರಿನ ಸಾಲು ಇದೆಯೇ ನೋಡಿ, ಇದ್ದರೆ ಮೊದಲು 'ಸುಡೊ ಯುಮೌಂಟ್', ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದಿದ್ದರೆ ಆ ಸಾಲನ್ನೂ ತೆಗೆಯಿರಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಅಳಿಸಿ.